ಒಣಗಿದ ಮೇಲೇ ಒಳಗೆ

ಆಯಮ್ಮನ ಬಲಗೈಯ ಎರಡು ಬೆರಳುಗಳ ನಡುವೆ ಸದಾ ಬಿಳಿ ಕಾಗದದ ಚೂರೊಂದು ಇರುತ್ತಿತ್ತು. ಹೊನ್ನಾಳಿಯ ನಮ್ಮ ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ, ಕೂಸುಗಳ ಕೋಣೆಯ ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ಹೋಗುವವರು ಕೈ ತೊಳೆದು, ಒರೆಸಿಕೊಂಡು, ಕೈಯ ಹಿಂಬದಿಯನ್ನು ಆ ಕಾಗದಕ್ಕೆ ಒತ್ತಬೇಕು. ಒದ್ದೆ ಗುರುತು ಬಿದ್ದರೆ ವಾಪಸ್. ಒಬ್ಬರಿಗೆ ಒಂದೇ ಚೂರು, ಆಮೇಲೆ ಅದು ಕಸದ ಬುಟ್ಟಿಗೆ.

"ಅಂಗೈ ಎಲ್ರೂ ಒರೆಸ್ಕಂತಾರೆ, ಹಿಂದಿಂದು ಮರೀತಾರೆ. ಒದ್ದೆ ಕೈಗೆ ಎಲ್ಲಾ ಅಂಟ್ಕಂತೈತೆ ರೀ. ಒಣಗೋತನಕ ಅದು ತೊಳೆದ ಕೈಯೇ ಅಲ್ಲ" ಎನ್ನುತ್ತಿದ್ದರು.

ನಾನು ಅಲ್ಲಿ ಹಿರಿಯ ನರ್ಸ್. ಹಾಸಿಗೆಯ ಹೊದಿಕೆಯ ಮೂಲೆ ಓರೆಯಾದರೂ ಬೈಸಿಕೊಳ್ಳುವ ಹಾಸ್ಟೆಲಿನಲ್ಲಿ ಕಲಿತವಳು. ಆಯಮ್ಮ ಕೆಲಸಕ್ಕೆ ಸೇರಿದ ಮೊದಲ ವಾರ, ಉಗುರಿನಿಂದ ಮೊಣಕೈವರೆಗೆ ಕೈ ತೊಳೆಯುವ ಕ್ರಮವನ್ನು ಅವರಿಗೆ ತೋರಿಸಿಕೊಟ್ಟೆ. ಮುಗಿಸಿ, ಸೊಂಟದಲ್ಲಿದ್ದ ಕರ್ಚೀಫ್ ತೆಗೆದು ಒರೆಸಿಕೊಂಡೆ. ಬೆಳಗಿನಿಂದ ಬೆವರು ಒರೆಸಿದ್ದು, ಒಮ್ಮೆ ಮೂಗು ಒರೆಸಿದ್ದು ಅದರಲ್ಲೇ.

ಆಯಮ್ಮ ಮೆಲ್ಲಗೆ ಕೇಳಿದರು: "ಸಿಸ್ಟರ್, ಅಷ್ಟೊತ್ತು ತೊಳೆದಿದ್ದು ಮತ್ತೆ ಹಚ್ಕಂಡ್ರಲ್ಲ?"

ನನಗೆ ಸಿಟ್ಟು ಬಂತು. ಕರ್ಚೀಫನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮರುದಿನ ಅವರು ಹಳೇ ಹತ್ತಿ ಸೀರೆಗಳನ್ನು ಅಂಗೈಯಗಲಕ್ಕೆ ಹರಿದು ತಂದರು. ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ ಮುಚ್ಚಳದ ಡಬ್ಬಿಯಲ್ಲಿಟ್ಟರು. ಒಬ್ಬರಿಗೆ ಒಂದು ತುಂಡು. ಬಳಸಿದ್ದು ನೇರ ಬಕೆಟ್ಟಿಗೆ. ಇಸ್ತ್ರಿಯ ಮಡಿಕೆ ನನ್ನದಕ್ಕಿಂತ ನೇರವಾಗಿತ್ತು.

ಹಲವು ವರ್ಷ ಹಾಗೇ ನಡೆಯಿತು. ಒಂದು ದಿನ ನಮ್ಮ ಡಾಕ್ಟರ್ ವಾಷ್‌ಬೇಸಿನ್ ಪಕ್ಕ ಬಿಸಿಗಾಳಿ ಊದುವ ಮಿಷನ್ ಹಾಕಿಸಿದರು. "ಇನ್ನು ಈ ಬಟ್ಟೆ ಚೂರು ಬೇಡ" ಎಂದು ಡಬ್ಬಿಯನ್ನು ಬೀರುವಿಗೆ ಸೇರಿಸಿ, ಕೀಲಿಯನ್ನು ನನಗೆ ಕೊಟ್ಟರು. ಆಮೇಲೆ ಎಲ್ಲರೆದುರು ಕೈ ತೊಳೆದು ಮಿಷನ್ನಿನ ಕೆಳಗೆ ಹಿಡಿದರು. ಅದು ಭರ್ರೆಂದಿತು. ಅಷ್ಟರಲ್ಲಿ ಫೋನ್ ಬಂತು. ಡಾಕ್ಟರ್ ಎರಡೂ ಕೈಯನ್ನು ತೊಡೆಗೆ ಒರೆಸಿಕೊಂಡು ಫೋನ್ ತೆಗೆದರು.

"ಮಿಷನ್ ಚೆನ್ನಾಗೈತೆ ಸರ್. ಪ್ಯಾಂಟ್ ಯಾಕೆ ಒದ್ದೆ ಆತು?" ಎಂದರು ಆಯಮ್ಮ.

"ನಿಮ್ಮ ಕೆಲಸ ನೋಡ್ಕಳ್ರಿ" ಎಂದರು ಡಾಕ್ಟರ್.

ಅದೇ ವಾರ ನ್ಯಾಮತಿಯ ಟೈಲರ್ ಸಾಬರ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಎರಡು ಕಿಲೋ ಕೂಡ ಇರಲಿಲ್ಲ. ನಂಜು ತಾಗದಂತೆ ನೋಡಿಕೊಂಡರೆ ಮಾತ್ರ ಉಳಿದೀತು ಎಂದು ಡಾಕ್ಟರ್ ನಮಗೆ ಸ್ಪಷ್ಟವಾಗಿ ಹೇಳಿದ್ದರು.

ಮೊಮ್ಮಗಳನ್ನು ನೋಡಲು ಅಜ್ಜ ಬಂದರು. ಮೊದಲ ಸಲ ಮಿಷನ್ ಕೆಳಗೆ ಅರೆಬರೆ ಒಣಗಿಸಿ ಬಂದರು, ಕಾಗದ ಒದ್ದೆಯಾಯಿತು. ಎರಡನೇ ಸಲ ಕರೆಂಟ್ ಹೋಯಿತು. ಸಾಬರು ಹೆಗಲ ಟವೆಲ್ಲಿಗೆ ಶಿಸ್ತಾಗಿ ಒರೆಸಿಕೊಂಡು ಬಂದರು. ಕಾಗದದ ಮೇಲೆ ಗುರುತೇ ಬೀಳಲಿಲ್ಲ. ಆದರೂ ಆಯಮ್ಮ ಸ್ಟೂಲ್ ಬಿಟ್ಟು ಏಳಲಿಲ್ಲ.

"ಆ ಟವೆಲ್ಲಿಗೆ ಬೆಳಗಿಂದ ಏನೇನ್ ಒರೆಸೀರಿ?"

"ಮುಖ. ಕನ್ನಡಕ." ಸಾಬರು ಪ್ರಾಮಾಣಿಕರು. "ಬಸ್ಸಿನ ಸೀಟು."

"ವಾಪಸ್ ಹೋಗ್ರಿ."

"ಏನಮ್ಮ, ದಿನಕ್ಕೆ ಐದು ಸಲ ನಮಾಜಿಗೆ ಕೈ ತೊಳೆಯೋನು ನಾನು. ನಂಗೇ ಕಲಿಸ್ತೀರಾ?"

"ತೊಳೆಯಾಕೆ ನೀವೇ ನಂಗೆ ಕಲಿಸ್ರಿ ಸಾಬ್ರೇ. ಒರೆಸಾಕೆ ನಾನ್ ಕಲಿಸ್ತೀನಿ."

ಸಾಬರು ಮೂರನೇ ಸಲ ತೊಳೆದು, ನೀರು ತೊಟ್ಟಿಕ್ಕುವ ಕೈಗಳನ್ನು ಮುಂದೆ ಹಿಡಿದು ನಿಂತರು. ಕರೆಂಟ್ ಇರಲಿಲ್ಲ. ಬಾಗಿಲಿನಾಚೆ ಕೂಸು ಸಣ್ಣಗೆ ಅತ್ತಿತು. ಆಯಮ್ಮ ನನ್ನ ಸೊಂಟದ ಕೀಲಿ ನೋಡಿದರು. ಕೆಲಸಕ್ಕೆ ಸೇರಿದಾಗಿನಿಂದ ಡಾಕ್ಟರ ಒಂದು ಮಾತನ್ನೂ ಮೀರದ ನಾನು ಬೀರು ತೆಗೆದೆ.

ಮರುದಿನ ಡಬ್ಬಿ ಮತ್ತೆ ತನ್ನ ಹಳೇ ಜಾಗದಲ್ಲಿತ್ತು. ಡಾಕ್ಟರ್ ಅದನ್ನು ನೋಡಿದರು, ನನ್ನನ್ನು ನೋಡಿದರು. ಒಂದು ತುಂಡು ತೆಗೆದುಕೊಂಡು ಕೈ ಒರೆಸಿ, ತಾವಾಗಿಯೇ ಆಯಮ್ಮನ ಕಾಗದಕ್ಕೆ ಒತ್ತಿದರು. "ಪಾಸ್ ಸರ್" ಎಂದರು ಆಯಮ್ಮ. ಮಿಷನ್ ಮಳೆಗಾಲದಲ್ಲಿ ಕೊಡೆ ಒಣಗಿಸಲು ಉಪಯೋಗಕ್ಕೆ ಬಂತು.

ಕೂಸಿಗೆ ನಂಜು ತಾಗಲಿಲ್ಲ. ಅದು ಕೆನ್ನೆ ತುಂಬಿಕೊಂಡು ಮನೆಗೆ ಹೋದ ಮೇಲೆ ಸಾಬರು ಒಂದು ಗಂಟು ತಂದಿಟ್ಟರು. ಒಳಗೆ ನಾಲ್ಕೂ ಅಂಚು ಹೊಲಿದ ಹತ್ತಿ ಬಟ್ಟೆಯ ತುಂಡುಗಳು. "ನಿಮ್ಮವು ದಾರ ಬಿಡ್ತಿದ್ವು. ನೋಡಾಕಾಗ್ಲಿಲ್ಲ" ಎಂದರು.

ಕಳೆದ ವರ್ಷ ಆಯಮ್ಮ ಸಾಸ್ವೆಹಳ್ಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಮಣ್ಣು ಮುಗಿಸಿ ಬಂದವರೆಲ್ಲ ಅಂಗಳದಲ್ಲಿ ಕೈಕಾಲು ತೊಳೆದು, ಹಗ್ಗದ ಮೇಲಿದ್ದ ಒಂದೇ ಟವೆಲ್ಲಿಗೆ ಸಾಲಾಗಿ ಒರೆಸಿಕೊಂಡರು. ನನ್ನ ಸರದಿ ಬಂತು. ನಾನು ಪಕ್ಕಕ್ಕೆ ಸರಿದು, ಎರಡೂ ಕೈ ಮೇಲೆತ್ತಿ ಬಿಸಿಲಲ್ಲಿ ನಿಂತೆ.

"ಯಾವ ದೇವ್ರಿಗೆ ಬೇಡ್ಕಂತೀಯವ್ವ?" ಎಂದು ಒಬ್ಬ ಮುದುಕಿ ಕೇಳಿದಳು.

"ದೇವ್ರಿಗಲ್ಲ ಅಜ್ಜಿ. ಕೈ ಒಣಗಲಿ ಅಂತ."

ಕಣ್ಣಿನಲ್ಲಿ ಬಂದ ನೀರು ಗಲ್ಲದವರೆಗೆ ಇಳಿಯಿತು. ಸೆರಗು ಹತ್ತಿರವೇ ಇತ್ತು, ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಯ ಹಿಂಬದಿಯನ್ನು ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಒತ್ತಿ ನೋಡಿದೆ. ಗುರುತು ಬೀಳಲಿಲ್ಲ. ಒಳಗೆ ಹೋದೆ.