ಬಾಯ್ಲರ್ ಮಾವನ ನಲವತ್ತು ಕಡ್ಡಿಗಳು

ಮೂರು ಪ್ರವಾಸಗಳ ಕಾಲ ನಾನು ಬಾಯ್ಲರ್ ಮಾವನನ್ನು ವಾಚ್‌ಮನ್ ಎಂದೇ ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಲಾಡ್ಜಿನ ಹಿಂದಿನ ಗಲ್ಲಿಯಲ್ಲಿ, ಮುಚ್ಚಿದ ಶಟರಿನ ಮುಂದೆ, ಖಾಕಿ ಅಂಗಿ ತೊಟ್ಟು, ಕಬ್ಬಿಣದ ಕುರ್ಚಿಯಲ್ಲಿ ಕೂತು, ಹೋಗಿ ಬರುವವರನ್ನೆಲ್ಲ ದಿಟ್ಟಿಸುವ ಅರವತ್ತೈದರ ಮನುಷ್ಯನನ್ನು ಯಾರಾದರೂ ನ್ಯಾಯಾಧೀಶ ಎಂದುಕೊಳ್ಳುತ್ತಾರೆಯೇ? ಪಕ್ಕದಲ್ಲಿ ಉದ್ದಕ್ಕೆ ಸೀಳಿದ ಎಣ್ಣೆಯ ಡ್ರಮ್ಮೊಂದು ಹೊಗೆಯಾಡುತ್ತಿತ್ತು. ಕಸ ಸುಡುತ್ತಿದ್ದಾರೆಂದು ಭಾವಿಸಿ, ಮೊದಲ ಭೇಟಿಯಲ್ಲೇ ಅವರಿಗೆ ಸಾರ್ವಜನಿಕ ಆರೋಗ್ಯದ ಬಗ್ಗೆ ಸಣ್ಣದೊಂದು ಭಾಷಣ ಮಾಡಿದೆ. ಅದು ಮುಗಿದ ಮೇಲೆ, "ಈ ಊರಲ್ಲಿ ಕೆಂಡದಲ್ಲಿ ಸುಟ್ಟ ಅಸಲಿ ಮಾಂಸ ಎಲ್ಲಿ ಸಿಗುತ್ತೆ?" ಎಂದೂ ಕೇಳಿದೆ.

"ಸ್ವಲ್ಪ ಹೊತ್ತು ನಿಂತ್ಕೊಳ್ಳಿ," ಎಂದರು.

ತಾವು ಚಹಾ ಕುಡಿದು ಬರುವ ತನಕ ನಾನು ಕಾವಲು ನಿಲ್ಲಲಿ ಎಂಬ ಹುನ್ನಾರ ಎಂದುಕೊಂಡೆ. ವಾಲ್ವ್ ಕಂಪನಿಯ ಹಿರಿಯ ಮಾರಾಟ ಪ್ರತಿನಿಧಿಯಾದ ನಾನು ಶಟರು ಕಾಯುವುದೇ? ಮೂಗು ಮುರಿದು ಮುಂದೆ ನಡೆದೆ. ಎರಡನೇ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲವೂ. ಪ್ರತಿ ಸಲವೂ ನಾನು ಮುಖ್ಯರಸ್ತೆಯ ದೊಡ್ಡ ಹೋಟೆಲಿಗೆ ಹೋಗಿ, ಮರದ ಹಲಗೆಯ ಮೇಲೆ ಬಂದ 'ಅಪ್ಪಟ ಸ್ಥಳೀಯ ಬಾರ್ಬೆಕ್ಯೂ' ತಿಂದು ಬಂದೆ. ಮಾಂಸಕ್ಕಿಂತ ಹಲಗೆಯೇ ಮೆತ್ತಗಿತ್ತು.

ನಾಲ್ಕನೇ ಸಲ ಹೋದಾಗ ನನ್ನ ಸ್ಥಿತಿ ನೆಟ್ಟಗಿರಲಿಲ್ಲ. ಆ ಊರಿನ ಕಾರ್ಖಾನೆಯ ಖರೀದಿ ಅಧಿಕಾರಿಣಿ ಮೂರು ಸಲವೂ ನನ್ನ ವಾಲ್ವನ್ನು ನೋಡಿ, "ನೋಡೋಣ" ಎಂದು ಕಳಿಸಿದ್ದರು. ನಮ್ಮ ಸಾಹೇಬರು ಈ ಸಲ ರೈಲು ಹತ್ತುವ ಮೊದಲೇ ಹೇಳಿದ್ದರು: "ಆರ್ಡರ್ ತಂದ್ರೆ ನಿಮ್ಮ ಕುರ್ಚಿ ನಿಮ್ದು. ಇಲ್ದಿದ್ರೆ ಗೋಡೌನಿನಲ್ಲಿ ಒಂದು ಸ್ಟೂಲ್ ಖಾಲಿ ಇದೆ."

ಸ್ಟೂಲಿನ ಚಿಂತೆಯಲ್ಲಿ ಲಾಡ್ಜಿನ ಗುಮಾಸ್ತನ ಮುಂದೆ ಊಟದ ಮಾತೆತ್ತಿದೆ. ಅಧಿಕಾರಿಣಿಯನ್ನು ಒಳ್ಳೆಯ ಕಡೆ ಊಟಕ್ಕೆ ಕರೆದರೆ ಮನಸ್ಸು ಕರಗೀತು ಎಂಬ ಲೆಕ್ಕ. ಆತ ಬೀಗದ ಕೈ ಕೊಡುತ್ತಾ ಹೇಳಿದ, "ಹಿಂದಿನ ಗಲ್ಲಿ ಬಾಯ್ಲರ್ ಮಾವನ ಹತ್ರ ಹೋಗಿ ಸಾರ್. ಖಾಕಿ ಅಂಗಿ, ಡ್ರಮ್ಮು. ಅಲ್ಲಾ, ಮೂರು ಸಲ ಅವರ ಮುಂದೆನೇ ಹಾದು ಹೋಗಿದ್ದೀರಲ್ಲ!"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವನ ಕಥೆ ನನ್ನದಾಗಿತ್ತು. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ನಾನು ತಕ್ಷಣ ಅಧಿಕಾರಿಣಿಗೆ ಫೋನ್ ಮಾಡಿದೆ. "ಮೇಡಂ, ನಿಮ್ಮ ಊರಿನಲ್ಲೇ ನಿಮಗೆ ಗೊತ್ತಿಲ್ಲದ ಒಂದು ಜಾಗ ಇದೆ. ನಾನು ಬಹಳ ವರ್ಷಗಳಿಂದ ಬಲ್ಲೆ. ಸಂಜೆ ಆರಕ್ಕೆ ಬನ್ನಿ, ತೋರಿಸ್ತೀನಿ."

ಅವರು, "ಆಗ್ಲಿ, ತೋರ್ಸಿ," ಎಂದರು.

ಐದೂವರೆಗೇ ಹೋಗಿ ನಿಂತೆ. ಬಾಯ್ಲರ್ ಮಾವ ಇದ್ದಲು ಕೆದಕುತ್ತಿದ್ದರು.

"ಕಸದ ಸಾಹೇಬ್ರು ಬಂದ್ರು," ಎಂದರು, ತಲೆಯೆತ್ತದೆ.

"ಆರು ಗಂಟೆಗೆ ದೊಡ್ಡವರೊಬ್ಬರು ಬರ್ತಾರೆ. ಅಷ್ಟರಲ್ಲಿ ಎರಡು ಪ್ಲೇಟ್ ಆಗಬೇಕಲ್ಲ?"

"ಪ್ಲೇಟ್ ಇಲ್ಲ."

"ಉರಿ ಇಷ್ಟು ಜೋರಾಗಿದೆ, ಈಗಲೇ ಮಾಂಸ ಹಾಕಬಹುದಲ್ಲ?"

"ಉರಿ ತೋರ್ಸೋಕೆ ಸ್ವಾಮಿ, ಕಾವು ಬೇಯ್ಸೋಕೆ," ಎಂದು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಕೆಲವರಲ್ಲಿ ಮೊದಲನೇದೇ ಜಾಸ್ತಿ ಇರುತ್ತೆ."

ಆಗ ಒಳಗಿನಿಂದ ಯಾರೋ ಶಟರು ಎತ್ತಿದರು. ಮಾವನ ಹೆಂಡತಿ. ಊರಿಗೆಲ್ಲ ಆಕೆ ಅತ್ತೆ. ಕೈಯಲ್ಲಿ ಉಪ್ಪು, ಮೆಣಸು ಹಚ್ಚಿದ ಮಾಂಸದ ಪಾತ್ರೆ. ಹಿಂದಿನ ಗೋಡೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಉಕ್ಕಿನ ಕಡ್ಡಿ. ಒಂದರ ಹಿಡಿಗೆ ನಟ್ಟು, ಇನ್ನೊಂದಕ್ಕೆ ಹಳೇ ಬೀಗದ ಕೈ, ಮತ್ತೊಂದಕ್ಕೆ ಕೋಟಿನ ಗುಂಡಿ.

"ಒಟ್ಟು ನಲವತ್ತು," ಎಂದರು ಅತ್ತೆ. "ಇವರು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಬಾಯ್ಲರಿಗೆ ಬೆಂಕಿ ಹಾಕಿದೋರು. ಬಾಯ್ಲರ್ ಪಕ್ಕದ ಹಲಗೆ ಮೇಲೆ ನಲವತ್ತು ಜನರ ಊಟದ ಡಬ್ಬಿ ಬಿಸಿ ಆಗ್ತಿತ್ತು. ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಹೋದದ್ದಿಲ್ಲ. ಆ ಲೆಕ್ಕ ತಲೆಯಿಂದ ಹೋಗ್ಲೇ ಇಲ್ಲ. ಇಲ್ಲೂ ಅವರವರ ಕಡ್ಡಿ ಅವರವರಿಗೆ."

"ನಿವೃತ್ತಿಯಾದ ಮೇಲೆ ಈ ಉದ್ಯಮ ಶುರು ಮಾಡುವ ಕನಸು ಹೇಗೆ ಬಂತು?" ಎಂದೆ, ಸಂದರ್ಶನದ ಧಾಟಿಯಲ್ಲಿ.

"ಯಾವ ಕನಸು? ಮನೆಗೆ ಬಂದ ಮೇಲೆ ಮೂರು ತಿಂಗಳು ನನ್ನ ಒಲೆ ಮುಂದೇನೇ ನಿಂತ್ರು. ಉರಿ ಜಾಸ್ತಿ ಆಯ್ತು ಕಣೇ, ಉರಿ ಕಮ್ಮಿ ಆಯ್ತು ಕಣೇ. ಕೊನೆಗೆ, ನನ್ನ ಒಲೆ ನನಗೆ ಬಿಡಿ, ನಿಮ್ಮ ಬೆಂಕಿ ನೀವು ಬೀದಿಯಲ್ಲಿ ಹಚ್ಕೊಳ್ಳಿ ಅಂದೆ. ಹಚ್ಕೊಂಡ್ರು."

"ಉಪ್ಪು ಮಾತ್ರ ಅವಳದೇ," ಎಂದರು ಮಾವ ಮೆಲ್ಲಗೆ. "ಒಂದು ದಿನ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ."

ಆರಕ್ಕೆ ಸರಿಯಾಗಿ ಅಧಿಕಾರಿಣಿ ಬಂದರು. ನಾನು ಎರಡು ಹೆಜ್ಜೆ ಮುಂದೆ ಹೋಗಿ, ಕೈ ಚಾಚಿ, "ಇದೇ ಮೇಡಂ ಆ ಜಾಗ, ನೆಲ ಹುಷಾರು," ಎಂದು ದಾರಿ ತೋರಿಸಿದೆ. ಅವರು ನನ್ನ ಚಾಚಿದ ಕೈಯ ಕೆಳಗೆ ಬಗ್ಗಿ ಸೀದಾ ಒಳಗೆ ಹೋದರು. ಗೋಡೆಯ ಎರಡನೇ ಸಾಲಿನಿಂದ, ಹಿಡಿಗೆ ಚಮಚದ ತುದಿ ಬೆಸೆದಿದ್ದ ಕಡ್ಡಿಯೊಂದನ್ನು ತೆಗೆದು, ಅತ್ತೆಯ ಕೈಗೆ ಕೊಟ್ಟರು.

"ಮೂರು ದಿನ ಆಯ್ತಲ್ಲೇ ನೀನು ಬಂದು," ಎಂದರು ಅತ್ತೆ.

"ಆಡಿಟ್ ಇತ್ತು ಅತ್ತೆ. ಇವತ್ತು ಇವರು ಇಲ್ಲಿಗೆ ದಾರಿ ತೋರಿಸ್ತೀನಿ ಅಂದ್ರು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಡಬ್ಬಿಗೆ ಜಾಗ ಕೊಟ್ಟ ಮಾವನ್ನ ನನಗೇ ಪರಿಚಯ ಮಾಡಿಸ್ತಾರಂತೆ. ನೋಡೋಣ ಅಂತ ಬಂದೆ."

ನನ್ನ ಮುಖ ಇಂಗು ತಿಂದ ಮಂಗನ ಮುಖದ ಹಾಗೆ ಆಯಿತು. ಗೋಡೌನಿನ ಸ್ಟೂಲು ಕಣ್ಣ ಮುಂದೆ ಬಂದು ನಿಂತಿತು, ಮೂರು ಕಾಲಿನದು, ಒಂದು ಕಾಲು ಮೋಟು.

ಮಾವನಿಗೆ ಕನಿಕರ ಬಂತೋ ಕುತೂಹಲವೋ, "ಇವರ ಕೆಲಸ ಏನು?" ಎಂದು ಕೇಳಿದರು.

"ಸ್ಟೀಮ್ ವಾಲ್ವ್ ಮಾರ್ತಾರೆ. ಮಾತು ಕೇಳಿದ್ರೆ ವಾಲ್ವಿನ ಮೇಲೆ ನಂಬಿಕೆ ಬರಲ್ಲ ಮಾವ. ಅದಕ್ಕೇ ಮೂರು ಸಲ ವಾಪಸ್ ಕಳಿಸ್ದೆ."

"ಮಾತು ಬಿಡು. ಎಲ್ಲಿ, ಸಾಮಾನು ತೋರ್ಸಿ."

ಚೀಲದಿಂದ ಮಖಮಲ್ಲಿನ ಬಟ್ಟೆ ಬಿಚ್ಚಿ ಮಾದರಿ ವಾಲ್ವನ್ನು ತೆಗೆದು ಕೊಟ್ಟೆ. "ಇದರ ವಿಶೇಷತೆಗಳು ಹನ್ನೊಂದು..." ಎನ್ನುವಷ್ಟರಲ್ಲಿ ಮಾವ ಅದರ ಚಕ್ರ ತಿರುಗಿಸಿ ಬಿಗಿಯಾಗಿ ಮುಚ್ಚಿದರು. ಮೇಲಿನ ಬಾಯಿಗೆ ಒಂದು ಲೋಟ ನೀರು ಹೊಯ್ದರು. ಗೋಡೆಯ ಕೊನೆಯಲ್ಲಿ ನಲವತ್ತೊಂದನೆಯ ಮೊಳೆಯೊಂದಿತ್ತು, ಅದು ಅವರದೇ. ತಮ್ಮ ಕಡ್ಡಿ ತೆಗೆದು ಪಕ್ಕಕ್ಕಿಟ್ಟು, ಅಲ್ಲಿಗೆ ತಂತಿಯಿಂದ ವಾಲ್ವನ್ನು ನೇತು ಹಾಕಿ, ಕೆಳಗೆ ಒಣ ಪೇಪರ್ ಹಾಸಿದರು.

"ಕೆಂಡ ಹದಕ್ಕೆ ಬರೋವರೆಗೆ ನೇತಾಡ್ಲಿ. ಪೇಪರ್ ಒದ್ದೆ ಆದ್ರೆ ನೀವು ಮನೆಗೆ. ಆಗದಿದ್ರೆ ಇವಳ ಹತ್ರ ಮಾತಾಡಿ." ಆಮೇಲೆ ನನಗೆ ಪರಿಚಿತವಾದ ಆ ಮಾತು: "ಸ್ವಲ್ಪ ಹೊತ್ತು ನಿಂತ್ಕೊಳ್ಳಿ."

ಈ ಸಲ ನಿಂತೆ. ಜೀವನದಲ್ಲಿ ಮೊದಲ ಬಾರಿಗೆ ನಾನು ನಲವತ್ತು ನಿಮಿಷ ಬಾಯಿ ಬಿಡದೆ ನಿಂತದ್ದು. ಒಬ್ಬೊಬ್ಬರೇ ಬಂದರು. ಟೈಲರ್ ಬಂದು ಗುಂಡಿಯ ಕಡ್ಡಿ ತೆಗೆದ, ಬೀಗ ರಿಪೇರಿಯವನು ಬೀಗದ ಕೈಯದು. ಎಲ್ಲರೂ ಒಮ್ಮೆ ವಾಲ್ವನ್ನು, ಒಮ್ಮೆ ನನ್ನನ್ನು ನೋಡಿದರು. "ಯಾರದು, ಹೊಸಾ ವಾಚ್‌ಮನ್ನಾ?" ಎಂದ ಟೈಲರ್. ಯಾರೂ ಅಲ್ಲ ಎನ್ನಲಿಲ್ಲ.

ಜ್ವಾಲೆ ಅಡಗಿತು. ಇದ್ದಲು ಕೆಂಪಾಯಿತು, ಕೆಂಪಿನ ಮೇಲೆ ಬೂದಿಯ ತೆಳು ಹೊದಿಕೆ ಬಂತು. ಮಾವ ಅದರ ಮೇಲೆ ಅಂಗೈ ಹಿಡಿದು, ತಾಯಿ ಮಗುವಿನ ಜ್ವರ ನೋಡುವ ಹಾಗೆ ನೋಡಿ, ತಲೆಯಾಡಿಸಿ, ಕಡ್ಡಿಗಳನ್ನು ಸಾಲಾಗಿ ಇಟ್ಟರು. ಕೊಬ್ಬು ಚುರ್ ಎಂದು ಕರಗಿದ ಸದ್ದಿಗೆ ನನ್ನ ಹೊಟ್ಟೆ ಗಟ್ಟಿಯಾಗಿ ಉತ್ತರ ಕೊಟ್ಟಿತು. ಆಗಲೇ ನಾನು ಪೇಪರಿನ ಮೇಲೆ ಬಗ್ಗಿ ನೋಡಿದ್ದು. ಟಪ್ ಎಂದು ಒಂದು ಹನಿ ಬಿತ್ತು.

ಎಲ್ಲರೂ ಪೇಪರಿನ ಸುತ್ತ ಬಗ್ಗಿದರು.

ಅಧಿಕಾರಿಣಿ ಬಂದು ವಾಲ್ವಿನ ತಳಕ್ಕೆ ಬೆರಳು ಸವರಿದರು. ಒಣಗಿತ್ತು. ನನ್ನ ಹಣೆ ನೋಡಿದರು. ನಗು ತಡೆಯಲಾರದೆ, "ಮಾವ, ವಾಲ್ವ್ ಸೋರ್ತಿಲ್ಲ, ಇವರು ಸೋರ್ತಿದ್ದಾರೆ," ಎಂದರು.

ಮಾವ ವಾಲ್ವನ್ನು ಬಿಚ್ಚಿ, ನೀರು ಚೆಲ್ಲಿ, ನನ್ನ ಕೈಗಿಟ್ಟರು. "ಗಟ್ಟಿ ಸಾಮಾನು. ಹನ್ನೊಂದು ವಿಶೇಷ ಹೇಳೋ ಬದಲು ಮೊದಲನೇ ದಿನಾನೇ ನೀರು ತುಂಬಿ ತೋರ್ಸಿದ್ರೆ ಆಗ್ತಿತ್ತು."

"ಐವತ್ತು ಕಳಿಸಿ," ಎಂದರು ಅಧಿಕಾರಿಣಿ. "ಮಖಮಲ್ಲು ಬೇಡ."

ಸ್ಟೂಲು ಕಣ್ಣ ಮುಂದಿನಿಂದ ಮಾಯವಾಯಿತು. ಎಲ್ಲರೂ ತಂತಮ್ಮ ಕಡ್ಡಿ ಹಿಡಿದು ತಿನ್ನತೊಡಗಿದರು. ನನಗೆ ಕಡ್ಡಿ ಇರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಾವ, ಹಿತ್ತಾಳೆಯ ಪುಟ್ಟ ಚಕ್ರವಿದ್ದ ತಮ್ಮದೇ ಕಡ್ಡಿಗೆ ನಾಲ್ಕು ತುಂಡು ಚುಚ್ಚಿ, ಸುಟ್ಟು, ನನ್ನ ಮುಂದೆ ಹಿಡಿದರು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಉಪ್ಪಿನ ಬಗ್ಗೆ ಅವರು ಹೇಳಿದ್ದು ನಿಜ.

ಎರಡು ತುಂಡು ಒಳಗೆ ಹೋಗುತ್ತಲೇ ನನ್ನ ಹಳೇ ಗತ್ತು ವಾಪಸು ಬಂತು. ಸಾಹೇಬರಿಗೆ ವರದಿ ಬರೆಯಬೇಕಿತ್ತಲ್ಲ. ಸ್ಥಳೀಯ ಸಂಸ್ಕೃತಿಯ ಆಳವಾದ ಅಧ್ಯಯನದಿಂದ ಆರ್ಡರ್ ಗೆದ್ದೆ ಎಂಬ ವಾಕ್ಯ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದು ಕೇಳಿದೆ, "ಮಾವ, ಒಂದು ಮಾತು ಹೇಳಿ. ಇದು ತಲೆತಲಾಂತರದಿಂದ ಬಂದ ಈ ಊರಿನ ಅಸಲಿ ರುಚಿ ತಾನೇ?"

ಮಾವ ಕೆಂಡ ಕೆದಕುವುದನ್ನು ನಿಲ್ಲಿಸಲಿಲ್ಲ.

"ನಾನು ಈ ಊರಿನವನೇ ಅಲ್ಲ. ಈ ಊರಿನವಳು ನನ್ನ ಹೆಂಡತಿ, ಅವಳು ಹುಟ್ಟಿದಾಗಿಂದ ಮಾಂಸ ತಿಂದಿಲ್ಲ. ಬಾಯಿ ಮುಚ್ಕೊಂಡು ತಿನ್ನಿ, ಆರ್ತಿದೆ."