ಓಬಳಮ್ಮ ಹಾಕಿದ ಮೊದಲ ಎಲೆ

ರೇಷ್ಮೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು, ಈ 1969ರ ಮಾರ್ಚಿನಲ್ಲಿ ನಿವೃತ್ತರಾಗುತ್ತಿರುವ ಶ್ರೀ ದಕ್ಷಿಣಾಮೂರ್ತಿಯವರನ್ನು ಹುಳುಸಾಕಣೆಯ ತಜ್ಞರೆಂದು ಹೊಗಳುವವರು ಈ ಅಭಿನಂದನ ಸಂಪುಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಪಾಲಿಗೆ ಅವರು ಯುದ್ಧದಿಂದ ಕುಸಿದ ಮನೆಗಳನ್ನು ಮತ್ತೆ ಎತ್ತಿ ನಿಲ್ಲಿಸಿದವರು. ಅವರ ಕೈಕೆಳಗೆ ಗುಮಾಸ್ತನಾಗಿದ್ದ ನನಗೆ ಆ ಕೆಲಸಕ್ಕೆ ಅಡ್ಡ ಬಂದವರೆಲ್ಲ ಗೊತ್ತು; ಅವರಲ್ಲಿ ನಾನೂ ಒಬ್ಬ.

1951ರಲ್ಲಿ ಅವರು ಚಿಂತಾಮಣಿಯಲ್ಲಿದ್ದರು. ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡು ಮುರುಗಮಲ್ಲಕ್ಕೆ ಮರಳಿದ್ದ ಬಯ್ಯಪ್ಪನಿಗೆ, ಕುಳಿತಲ್ಲಿಂದಲೇ ಕೈಗೆಟುಕುವಂತೆ ಹುಳುತಟ್ಟೆಗಳ ಅಟ್ಟಣೆಯನ್ನು ತಾವೇ ಗರಗಸ ಹಿಡಿದು ತಗ್ಗಿಸಿಕೊಟ್ಟರು. ಗೌರಿಬಿದನೂರಿಗೆ ವರ್ಗವಾದ ಮೇಲೂ ರಜೆಯ ದಿನ ಬಸ್ಸು ಹತ್ತಿ ಅವನ ಹುಳು ನೋಡಿ ಬರುವುದನ್ನು ಬಿಡಲಿಲ್ಲ.

ಅವರು ಜಂಗಮಕೋಟೆಗೆ ಬಂದ ವರ್ಷವೇ ಚೀನಾದೊಂದಿಗೆ ಯುದ್ಧವಾಯಿತು. ಆ ಊರಿನ ಎರ್ರಪ್ಪ ಗಡಿಯಲ್ಲಿ ಮಡಿದ. ಊರ ಹಿರಿಯರು ಸಭೆ ಸೇರಿಸಿ, ಅವನ ಹೆಂಡತಿ ಓಬಳಮ್ಮನನ್ನು ವೇದಿಕೆಯಲ್ಲಿ ಕೂರಿಸಿ, ವೀರಪತ್ನಿಯೆಂದು ಕೊಂಡಾಡಿ, ಶಾಲು ಹೊದಿಸಿ ಕಳಿಸಿದರು. ಮರುವರ್ಷ ಆಕೆ, ಗಂಡನ ಪಾಲಿನ ಹಿಪ್ಪುನೇರಳೆ ತೋಟವನ್ನೇ ನಂಬಿ ಮಗಳನ್ನು ಸಾಕುವೆನೆಂದು ರೇಷ್ಮೆಮೊಟ್ಟೆಗೆ ಅರ್ಜಿ ಹಾಕಿದಾಗ, ಶಾಲು ಹೊದಿಸಿದ ಅದೇ ಹಿರಿಯರು ಆಕ್ಷೇಪಣೆ ಬರೆದರು. ಮೊಟ್ಟೆಯೊಡೆದ ಮರಿಗಳಿಗೆ ಮೊದಲ ಎಲೆ ಹಾಕಬೇಕಾದದ್ದು ಮುತ್ತೈದೆಯಂತೆ. ವಿಧವೆ ಹಾಕಿದರೆ ಊರ ಹುಳುವೆಲ್ಲ ಸಾಯುತ್ತದಂತೆ. ಎಂಥ ನಾಚಿಕೆಗೇಡು! ಮೈದುನ ಕೋನಪ್ಪ, ಹುಳು ಮೇಯಿಸಲಾಗದ ಹೆಂಗಸಿಗೆ ತೋಟವೇಕೆಂದು ಅದನ್ನೂ ಕಿತ್ತುಕೊಳ್ಳಲು ಹೊರಟ. ನಾನು ಮುತ್ತಿನಂಥ ಅಕ್ಷರದಲ್ಲಿ ‘ಸ್ಥಳೀಯ ಆಕ್ಷೇಪಣೆ ಇರುವ ಕಾರಣ’ ಎಂದು ಬರೆದು ಅರ್ಜಿಯನ್ನು ಹಿಂದಿರುಗಿಸಿದೆ.

ದಕ್ಷಿಣಾಮೂರ್ತಿಯವರು ನನಗೆ ಛೀಮಾರಿ ಹಾಕಿ ಮೊಟ್ಟೆ ಕೊಡಿಸಿದರು. ಆದರೆ ಊರಿನೊಂದಿಗೆ ಜಗಳವೇಕೆಂದು, ಹುಳುವನ್ನು ಕೋನಪ್ಪನ ಮನೆಯಲ್ಲಿಟ್ಟು, ಅವನ ಹೆಂಡತಿಯಿಂದ ಮೊದಲ ಎಲೆ ಹಾಕಿಸಿದರು. ತಿಂಗಳಿಡೀ ಸೊಪ್ಪು ಕೊಯ್ದು ಹೊತ್ತವಳು ಓಬಳಮ್ಮ. ಗೂಡು ಕಟ್ಟಿದಾಗ, ಯಾವ ಮನೆಯ ಕೈ ಮೊದಲ ಎಲೆ ಹಾಕಿತೋ ಬೆಳೆ ಆ ಮನೆಯದೆಂಬ ವಾಡಿಕೆ ಹೇಳಿ, ಹಿರಿಯರು ಅಷ್ಟನ್ನೂ ಕೋನಪ್ಪನಿಗೆ ಕೊಡಿಸಿದರು.

ಓಬಳಮ್ಮ ಕಚೇರಿಗೆ ಬಂದು ಎರಡೂ ಅಂಗೈ ಚಾಚಿ ನಿಂತಳು. “ಸೊಪ್ಪಿಗೆ ಆಗೋ ಕೈ ಹುಳಕ್ಕೆ ಯಾಕಾಗಲ್ಲ ಸ್ವಾಮಿ?”

“ತಪ್ಪು ನಂದೇ ಕಣಮ್ಮ. ಊರಿಗೆ ಹೆದರ್ಕೊಂಡೆ,” ಎಂದರು ಅವರು. ಮೇಲಧಿಕಾರಿಯೊಬ್ಬರು ಹಾಗೆ ಒಪ್ಪಿಕೊಂಡದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮುಂದಿನ ಬೆಳೆಗೆ ಹುಳುಮನೆಯಾದದ್ದು ಅವರದೇ ಬಾಡಿಗೆ ಮನೆ. ಅವರ ಧರ್ಮಪತ್ನಿ ವಿಶಾಲಾಕ್ಷಮ್ಮನವರು ನಡುಮನೆಯ ಸಾಮಾನನ್ನೆಲ್ಲ ಹೊರಗಿಡಿಸಿದರು. ಬಾಗಿಲಿಗೆ ಬಂದ ಹಿರಿಯರಿಗೆ ದಕ್ಷಿಣಾಮೂರ್ತಿಯವರು, “ಹುಳಕ್ಕೆ ಎಲೆ ಬೇಕು, ಕುಂಕುಮ ಬೇಡ. ಊರಲ್ಲಿ ಯಾರ ಹುಳ ಸತ್ರೂ ನಾನು ಕೆಲಸ ಬಿಟ್ಟು ಹೋಗ್ತೀನಿ,” ಎಂದರು. ಓಬಳಮ್ಮ ಎಳೆಯ ಎಲೆಯನ್ನು ಸಣ್ಣಗೆ ಹೆಚ್ಚಿ ಮರಿಗಳ ಮೇಲೆ ಉದುರಿಸಿದಳು. ಮುತ್ತೈದೆಯ ಕೈ ಸೋಕಿತೆಂದು ನಾಳೆ ಯಾರೂ ಹೇಳಬಾರದೆಂದು ವಿಶಾಲಾಕ್ಷಮ್ಮನವರು ತಮ್ಮೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ ಪಕ್ಕದಲ್ಲೇ ನಿಂತಿದ್ದರು.

ಆ ಸಲ ಊರಲ್ಲಿ ಯಾರ ಹುಳವೂ ಸಾಯಲಿಲ್ಲ. ಓಬಳಮ್ಮನ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಅವಳ ಹೆಸರಿನಲ್ಲೇ ಹೋಯಿತು. ತೋಟ ಅವಳ ಕೈಯಲ್ಲೇ ಉಳಿಯಿತು. ಮಗಳು ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಆದರೆ ಆ ಹಿರಿಯರಲ್ಲಿ ಒಬ್ಬನಾದರೂ ಇಂದಿಗೂ ಅವಳ ಕ್ಷಮೆ ಕೇಳಿಲ್ಲ.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಈ ಬೀಳ್ಕೊಡುಗೆ ಸಮಾರಂಭದ ಆಹ್ವಾನಪತ್ರಿಕೆಯ ಕರಡಿನಲ್ಲಿ ‘ಐವರು ಮುತ್ತೈದೆಯರಿಂದ ರೇಷ್ಮೆಗೂಡಿನ ಹಾರ ಸಮರ್ಪಣೆ’ ಎಂದು ಬರೆದವನು ನಾನೇ. ಕೈ ತಾನಾಗಿ ಬರೆದುಬಿಟ್ಟಿತ್ತು. ದಕ್ಷಿಣಾಮೂರ್ತಿಯವರು ಆ ಸಾಲನ್ನು ಹೊಡೆದುಹಾಕಿ ಮೇಲೆ ಒಂದೇ ಹೆಸರು ಬರೆದು ಹಿಂದಿರುಗಿಸಿದರು.

ಪೂಜ್ಯರು ನೂರು ವರ್ಷ ಬಾಳಲಿ. ನಮ್ಮಂಥವರ ಕರಡುಗಳನ್ನು ಹೀಗೆಯೇ ತಿದ್ದುತ್ತಿರಲಿ. ಭಾನುವಾರ ಅವರ ಕೊರಳಿಗೆ ಹಾರ ಹಾಕುವವಳು ಓಬಳಮ್ಮ. ಅದನ್ನು ನೋಡಲಾಗದವರು ದಯವಿಟ್ಟು ಮನೆಯಲ್ಲೇ ಇರಲಿ.