ಮಕರಪುರದ ಇಂದುಮತಿ ಕಟ್ಟುವ ಸಣ್ಣ ಗಾಲಿ

ಬೆಳಗಿನ ಆರು ಗಂಟೆ. ವಡೋದರದ ಮಕರಪುರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಸದ್ದು ಇನ್ನೂ ಶುರುವಾಗಿಲ್ಲ. ತಗಡಿನ ಶೆಡ್ಡೊಂದರಲ್ಲಿ ಟ್ಯೂಬ್‌ಲೈಟಿನ ಕೆಳಗೆ ಮಣೆ ಹಾಕಿ ಕೂತಿರುವ ಇಂದುಮತಿ, ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ ಗಾಲಿಯೊಂದನ್ನು ಬೆರಳ ತುದಿಯಿಂದ ತಿರುಗಿಸಿ ಬಿಡುತ್ತಾರೆ. ನನ್ನ ಕಣ್ಣಿಗೆ ಗಾಲಿ ನೆಟ್ಟಗೇ ಇದೆ. ಅವರಿಗೆ ಮಾತ್ರ ಸಮಾಧಾನವಿಲ್ಲ. ಒಂದು ಕಡ್ಡಿಯ ನಟ್ಟನ್ನು ಕಾಲು ಸುತ್ತು ಬಿಗಿ ಮಾಡುತ್ತಾರೆ, ಎದುರಿನದನ್ನು ಅಷ್ಟೇ ಸಡಿಲಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ.

"ಎಂಟಕ್ಕ ಬಾಜೂಕ ಲೇಥ್ ಶುರು ಆಗತೈತ್ರಿ, ನೆಲಾನ ನಡಗತೈತಿ. ಆಮ್ಯಾಲೆ ಕಡ್ಡಿ ಬಿಗಿ ಎಷ್ಟೈತಿ ಅಂತ ಕೈಗೆ ತಿಳಿಯೂದಿಲ್ಲ" ಎನ್ನುತ್ತಾರೆ. ಅದಕ್ಕೇ ಈ ಹೊತ್ತು.

ಇಂದುಮತಿಗೆ ಐವತ್ತೊಂದು ವರ್ಷ, ಊರು ಗದಗ. ರೈಲ್ವೆಯಲ್ಲಿ ಫಿಟ್ಟರ್ ಆಗಿರುವ ಗಂಡ ಸದಾಶಿವ ಅವರಿಗೆ ವರ್ಗವಾದಾಗ ಇಲ್ಲಿಗೆ ಬಂದವರು. ಹನ್ನೊಂದು ವರ್ಷ ಇದೇ ಬೀದಿಯ ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತಿದರು. ಅದು ಬಾಗಿಲು ಹಾಕಿದ ಮೇಲೆ, ಸೈಕಲ್ ಅಂಗಡಿಯ ಬಾಲಚಂದ್ರ ಅವರು ಒಂದು ರಿಮ್ಮು ಮತ್ತು ಒಂದು ಕಟ್ಟು ಕಡ್ಡಿ ಕೊಟ್ಟು, "ಗಾಲಿ ಕಟ್ಟಿ ನೋಡಿ" ಎಂದರಂತೆ. ಅವರ ಮೆಕ್ಯಾನಿಕ್‌ಗಳು ಬೇಸರಪಟ್ಟು ದೂರ ತಳ್ಳುತ್ತಿದ್ದ ಕೆಲಸ ಅದು. ತಂತಿಯ ಎಳೆತ ಕೈಗೆ ರೂಢಿಯಾಗಿದ್ದ ಇಂದುಮತಿ ಒಂದೇ ವಾರದಲ್ಲಿ ಅದನ್ನು ಕರಗತ ಮಾಡಿಕೊಂಡರು. ಈಗ ಆ ಅಂಗಡಿಗೆ ದಿನಕ್ಕೆ ಮೂರು ಗಾಲಿ ಕಟ್ಟುತ್ತಾರೆ. ಗಾಲಿಗೆ ಮೂವತ್ತೆರಡು ಕಡ್ಡಿ, ಒಂದೊಂದು ಕಡ್ಡಿಗೂ ಕಡಿಮೆಯೆಂದರೂ ಹತ್ತು ಸಲ ಕೈ ಹೋಗುತ್ತದೆ. ದಿನಕ್ಕೆ ಹತ್ತಿರ ಹತ್ತಿರ ಸಾವಿರ ಸಲ! ಲೆಕ್ಕ ಹಾಕಿದ ನನಗೇ ಬೆರಳು ನೋಯತೊಡಗಿತು. ಅಹಮದಾಬಾದ್, ಸೂರತ್‌ಗಳಿಂದಲೂ ಗುಡ್ಡ ಇಳಿಯುವ ಸೈಕಲ್‌ಗಳು 'ಇಂದುಬೆನ್' ಹೆಸರು ಕೇಳಿಕೊಂಡು ಬರುತ್ತವೆ. ಇಷ್ಟಾಗಿ ಅಂಗಡಿಯ ಬೋರ್ಡಿನ ಮೇಲೆ ಅವರ ಹೆಸರಿಲ್ಲ.

ಸ್ಟ್ಯಾಂಡಿನ ಮೇಲಿರುವುದು ಪೂರ್ವಿಯ ಗಾಲಿ. ಪೂರ್ವಿಗೆ ಇಪ್ಪತ್ತೆರಡು ವರ್ಷ, ತಂದೆ ಬ್ಯಾಂಕಿನವರು. ಗುಡ್ಡ ಇಳಿಯುವ ಸೈಕಲ್ ಸ್ಪರ್ಧೆಗಳಿಗೆ ಹೋಗುವ ಗಿಡ್ಡ ಹುಡುಗಿ. ಅವಳ ಸೈಕಲ್‌ಗೆ ಎರಡೂ ಕಡೆ ಇಪ್ಪತ್ತೊಂಬತ್ತು ಇಂಚಿನ ಗಾಲಿ. ಕಡಿದಾದ ಇಳಿಜಾರಿನಲ್ಲಿ ಸೀಟಿನ ಹಿಂದಕ್ಕೆ ಸರಿದರೆ ಟೈರು ಅವಳ ಚಡ್ಡಿಗೇ ತಿಕ್ಕುತ್ತದೆ. ಹಿಂದೆ ಇಪ್ಪತ್ತೇಳೂವರೆ ಇಂಚಿನದು ಹಾಕಿದರೆ ಆ ತೊಂದರೆ ತಪ್ಪುತ್ತದೆ, ತಿರುವಿನಲ್ಲಿ ಸೈಕಲ್ ಚುರುಕಾಗುತ್ತದೆ. ಆದರೆ ಸೈಕಲ್ಲಿನ ಹಿಂಭಾಗ ತಗ್ಗಿ, ಪೆಡಲು ಕಲ್ಲಿಗೆ ಹತ್ತಿರವಾಗುತ್ತದೆ. ಅಗಲ ಟೈರು ಹಾಕಿದರೆ ಕಳೆದುಕೊಂಡ ಎತ್ತರದಲ್ಲಿ ಸ್ವಲ್ಪ ವಾಪಸ್ಸು ಸಿಗುತ್ತದೆ. ಅತಿ ಅಗಲವಾದರೆ ಟೈರು ಫ್ರೇಮಿಗೆ ಉಜ್ಜುತ್ತದೆ. ಈ ಎರಡರ ನಡುವೆ ಉಳಿಯುವ ಬೆರಳಗಲದ ಜಾಗದಲ್ಲೇ ಇಂದುಮತಿಯ ಕಸುಬೆಲ್ಲ ಇದೆ.

ಎರಡು ವರ್ಷದ ಹಿಂದೆ ಇದೇ ಪೂರ್ವಿಗೆ ಇದೇ ಸೈಕಲ್ಲಿಗೆ ಅವರು ಸಣ್ಣ ಗಾಲಿ ಕಟ್ಟಿಕೊಟ್ಟಿದ್ದರು, ಸಾಧಾರಣ ಟೈರು ಹಾಕಿ. ಪಾವಾಗಢದ ಕಡೆಯ ಗುಡ್ಡವೊಂದರಲ್ಲಿ ಪೆಡಲು ಕಲ್ಲಿಗೆ ಬಡಿಯಿತು. ಹುಡುಗಿ ಹಾರಿ ಬಿದ್ದು ಕೊರಳೆಲುಬು ಮುರಿದುಕೊಂಡಳು. ರಾಜ್ಯ ತಂಡದ ಆಯ್ಕೆಯೂ ತಪ್ಪಿತು. ಸೈಕಲ್ಲಿಗೆ ಮತ್ತೆ ಹಳೆಯ ದೊಡ್ಡ ಗಾಲಿಯೇ ಬಂತು.

"ತಪ್ಪು ನನ್ನದ ಐತ್ರಿ" ಎನ್ನುತ್ತಾರೆ ಇಂದುಮತಿ, ತಲೆ ಎತ್ತದೆ. "ಸೈಕಲ್ ಸ್ಟ್ಯಾಂಡಿಗೆ ತೂಗಹಾಕಿ ಅಳತಿ ಮಾಡಿದೆ. ಮ್ಯಾಲೆ ಮನಷ್ಯಾರು ಕುಂತ್ರ ಸ್ಪ್ರಿಂಗ್ ಒತ್ತಿ ಇನ್ನೂ ಕೆಳಗ ಇಳೀತೈತಿ ಅನ್ನೂದು ತಲೀಗೆ ಹೊಳೀಲಿಲ್ಲ. ಆಕಿ ಅವ್ವ ಕಾಮಾಕ್ಷಿ ಬಂದು, ನಿಮ್ಮ ಮಗಳಿಗಾಗಿದ್ರ ಹಿಂಗ ಹಾಕಿ ಕೊಡ್ತಿದ್ರೇನು ಅಂತ ಕೇಳಿದ್ರು. ಎಂಟ್ ತಿಂಗಳು ಬರೇ ಮುಂದಿನ ಗಾಲಿ ಕಟ್ಟಿದೆ, ಹಿಂದಿಂದು ಮುಟ್ಟಲಿಲ್ಲ."

ಅಲ್ಲಿಂದೀಚೆಗೆ ಅವರದೊಂದು ಕಟ್ಟುನಿಟ್ಟು. ಓಡಿಸುವವರೇ ಹೆಲ್ಮೆಟ್ಟು, ನೀರಿನ ಬಾಟಲಿ, ಚೀಲ ಎಲ್ಲ ಹೊತ್ತು ಸೈಕಲ್ ಮೇಲೆ ಕೂರಬೇಕು. ಸೈಕಲ್ ಉರುಳುವಾಗ, ಗಾಲಿಯ ದಾರಿಯ ಪಕ್ಕಕ್ಕೆ ನೆಲದ ಮೇಲಿಟ್ಟ ಮರದ ದಿಮ್ಮಿಯನ್ನು ಕೆಳಗಿಳಿದ ಪೆಡಲು ತಗುಲದೆ ದಾಟಬೇಕು. ಇಲ್ಲದಿದ್ದರೆ ಗಾಲಿ ಶೆಡ್ಡು ಬಿಟ್ಟು ಹೋಗುವುದಿಲ್ಲ.

ಏಳಕ್ಕೆ ಪೂರ್ವಿ ಬರುತ್ತಾಳೆ. ಭಾನುವಾರ ಮತ್ತೆ ಆಯ್ಕೆ. ವಯಸ್ಸಿನ ಮಿತಿ ಇರುವುದರಿಂದ ಇದೇ ಕೊನೆಯ ಅವಕಾಶ. "ಆಂಟಿ, ಮನೆಯಲ್ಲಿ ಬೇರೆ ಕಡೆ ಮಾಡ್ಸು ಅಂದ್ರು. ನಾನು ನಹೀ ಅಂದೆ" ಎಂದು ಇಂದುಮತಿಯಿಂದಲೇ ಕಲಿತ ಮುರುಕು ಕನ್ನಡದಲ್ಲಿ ಹೇಳಿ ನಗುತ್ತಾಳೆ. ಇಂದುಮತಿ ನಗುವುದಿಲ್ಲ. ತಂದಿಟ್ಟುಕೊಂಡ ಎರಡು ಟೈರುಗಳಲ್ಲಿ ಹೆಚ್ಚು ಅಗಲದ್ದನ್ನು ಏರಿಸಿ ಗಾಳಿ ತುಂಬುತ್ತಾರೆ. ಟೈರು ಮತ್ತು ಫ್ರೇಮಿನ ನಡುವೆ ಪೆನ್ಸಿಲು ತೂರಿಸುತ್ತಾರೆ. ಬಲಗಡೆ ಹೋಗುತ್ತದೆ, ಎಡಗಡೆ ಸಿಕ್ಕಿಕೊಳ್ಳುತ್ತದೆ.

"ಇಷ್ಟು ನಡೆಯತ್ತೆ ಆಂಟಿ."

"ನಡಿಯೂದಿಲ್ಲ. ಕೆಸರು ಮೆತ್ತಿದ್ರ ಗಾಲಿ ನಿಂತ ಬಿಡತೈತಿ" ಎಂದು ಬಿಚ್ಚಿ, ಅದಕ್ಕಿಂತ ಸ್ವಲ್ಪ ಕಿರಿದಾದ ಇನ್ನೊಂದನ್ನು ಹಾಕುತ್ತಾರೆ. ಪೆನ್ಸಿಲು ಎರಡೂ ಕಡೆ ಸಲೀಸಾಗಿ ಹೋಗುತ್ತದೆ. ಆದರೆ ಪೂರ್ವಿ ಕೂತು ಉರುಳಿಸಿದಾಗ ಪೆಡಲು ದಿಮ್ಮಿಯನ್ನು ಸವರುತ್ತದೆ. ಹಿಂದಿನ ಸ್ಪ್ರಿಂಗು ಗಾಳಿಯ ಒತ್ತಡದಿಂದ ಕೆಲಸ ಮಾಡುವಂಥದ್ದು; ಇಂದುಮತಿ ಅದಕ್ಕೆ ಇನ್ನಷ್ಟು ಗಾಳಿ ತುಂಬಿ ಗಟ್ಟಿ ಮಾಡುತ್ತಾರೆ. ಮತ್ತೆ ಉರುಳಿಸಲು ಹೇಳುತ್ತಾರೆ. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡುತ್ತಾರೆ. ಏಳನೆಯ ಸಲ ಪೆಡಲು ಕಿರುಬೆರಳಷ್ಟು ಮೇಲೆ ದಾಟುತ್ತದೆ. ಪಂಕ್ಚರ್ ಹಾಕಿಸಿಕೊಂಡದ್ದು ಬಿಟ್ಟರೆ ಸೈಕಲ್ಲಿನ ಗಂಧಗಾಳಿ ಇಲ್ಲದ ನಾನು ಅಷ್ಟು ಹೊತ್ತಿಗೆ ಅವರ ಪಕ್ಕದಲ್ಲೇ ನೆಲಕ್ಕೆ ಬಗ್ಗಿದ್ದೆನೆಂದು ಆಮೇಲೆ ಗೊತ್ತಾಯಿತು.

ಶನಿವಾರ ಬೆಳಿಗ್ಗೆ. ಎರಡು ವರ್ಷದ ಹಿಂದೆ ಪೂರ್ವಿ ಬಿದ್ದ ಅದೇ ಗುಡ್ಡದ ಬುಡದಲ್ಲಿ ಇಂದುಮತಿ ಮತ್ತು ನಾನು ನಿಂತಿದ್ದೇವೆ. ಕಟ್ಟಿಕೊಟ್ಟ ಗಾಲಿಯ ಹಿಂದೆ ಇಂದುಮತಿ ಹೀಗೆ ಬಂದದ್ದು ಇದೇ ಮೊದಲು. "ಈ ಸಲ ತಗಲಿದ್ರ ನಾ ಮತ್ತ ಗಾಲಿಗೆ ಕೈ ಹಚ್ಚೂದಿಲ್ರಿ" ಎಂದು ದಾರಿಯಲ್ಲಿ ಒಮ್ಮೆ ಹೇಳಿದ್ದರು. ಅಂದು ಪೆಡಲು ಬಡಿದ ಕಲ್ಲು ತಿರುವಿನಲ್ಲಿ ಹಾಗೇ ಇದೆ. ಮೇಲಿಂದ ಧೂಳೆಬ್ಬಿಸುತ್ತ ಬಂದ ಪೂರ್ವಿ ಸೀಟಿನ ಹಿಂದಕ್ಕೆ ಸರಿದು, ಸೈಕಲ್ ವಾಲಿಸಿ, ಕಲ್ಲಿನ ಮೇಲೇ ದಾಟುತ್ತಾಳೆ. ಯಾವ ಸದ್ದೂ ಇಲ್ಲ. ಇಂದುಮತಿ ಓಡಿಹೋಗಿ, ಪೂರ್ವಿ ಸೈಕಲ್ ಇಳಿಯುವ ಮೊದಲೇ ಪೆಡಲಿನ ಅಡಿಗೆ ಬೆರಳಾಡಿಸುತ್ತಾರೆ. ಹೊಸ ಗೀರಿಲ್ಲ.

ಹೇಗಿತ್ತೆಂದು ನಾನು ಪೂರ್ವಿಯನ್ನು ಕೇಳುತ್ತೇನೆ. ಅವಳು ತಿರುವಿನ ಬಗ್ಗೆ, ಬ್ರೇಕಿನ ಬಗ್ಗೆ, ನಾಳೆ ಯಾರ‍್ಯಾರು ಬರುತ್ತಾರೆ ಎಂಬುದರ ಬಗ್ಗೆ ಒಂದೇ ಉಸಿರಿಗೆ ಹೇಳುತ್ತಾಳೆ. ಹಿಂದಿನ ಗಾಲಿಯ ಮಾತೇ ಇಲ್ಲ. ಸೈಕಲ್ ತಳ್ಳಿಕೊಂಡು ಮತ್ತೆ ಗುಡ್ಡ ಹತ್ತತೊಡಗುತ್ತಾಳೆ. ಒಂದು ಮಾತಾದರೂ ಆಡಬಾರದಿತ್ತೇ ಎಂದು ನನಗೇ ಪಿಚ್ಚೆನಿಸುತ್ತದೆ.

ಇಂದುಮತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಗಾಲಿ ಆಕಿ ನೆನಪಿಗೇ ಬರಲಿಲ್ಲ ನೋಡ್ರಿ" ಎನ್ನುತ್ತಾರೆ. "ಅಂದ್ರ ಅದು ಎಲ್ಲೂ ಕಾಡಲಿಲ್ಲ. ಇಷ್ಟೇ ಬೇಕಿತ್ತು ನನಗ."